ಕಲ್ಲು ಹೇಳಿದ ಬಸವಣ್ಣನ ವಂಶಾವಳಿ

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ, ಜಾತಿಭೇದವನ್ನು ಪ್ರಶ್ನಿಸಿದ ಬಸವಣ್ಣನವರ ಚರಿತ್ರೆ ನಮಗೆ ತಿಳಿದಿರುವುದು ಹೆಚ್ಚಾಗಿ ವಚನ, ಪುರಾಣಗಳಿಂದ. ಅವರ ಮನೆತನಕ್ಕೆ ಕಲ್ಲಿನ ಸಾಕ್ಷಿ ಇರುವುದು ದೂರದ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ. ಸೇವುಣರ ಕಾಲದ, 1260ರ ಆ ಶಾಸನ ಬಾಗೇವಾಡಿಯ ಮಾದಿರಾಜ, ಅವನ ಮಗ ಬಸವರಾಜ, ಬಸವರಾಜನ ಅಣ್ಣ ದೇವರಾಜ, ಆ ವಂಶದ ಹಾಲಬಸವಿದೇವರನ್ನು ಹೆಸರಿಸುತ್ತದೆ. ಅಕ್ಕನಾಗಮ್ಮನನ್ನು ಬಲ್ಲ ನಮ್ಮಲ್ಲಿ ದೇವರಾಜನ ಹೆಸರು ಕೇಳಿದವರು ಕಡಿಮೆ.

ಆ ಒಂದು ಕಲ್ಲು ಯಾರದೋ ಮನೆಯ ಪಾಯ ಸೇರಿದ್ದರೆ ಈ ಸಾಕ್ಷಿಯೇ ಇರುತ್ತಿರಲಿಲ್ಲ. ಕಂಪ್ಯೂಟರಿನ ಮಾಹಿತಿಗೆ ಬ್ಯಾಕಪ್ ಇಡಬಹುದು, ಕಲ್ಲಿಗೆ ಅದಿಲ್ಲ. ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗುಡಿಯಲ್ಲಿ ಶಾಸನ ಬರೆಯುವ ಶಿಲಾಬಾಲಿಕೆಯೇ ಇದ್ದಾಳೆ. ವಿದ್ಯಾರ್ಥಿ ಮಿತ್ರರೇ, ಊರ ಹಿರಿಯರೇ, ಅಕ್ಷರವಿರುವ ಕಲ್ಲು ಕಂಡರೆ ಸುಣ್ಣ ಬಳಿಯದೆ ಫೋಟೊ ತೆಗೆದು ಶಾಲೆಯ ಗುರುಗಳಿಗೆ ತೋರಿಸಿ.