ಹೆಚ್ಚಾದ ಆಯಿಲಿನ ಕಥೆ

ಅಳತೆಕಡ್ಡಿ ಎಳೆದು ನೋಡಿದಾಗ ಎಂಜಿನ್ ಆಯಿಲ್ ಕಡಿಮೆಯಾಗಿದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ. ಹಾಕಿದ್ದಕ್ಕಿಂತ ಹೆಚ್ಚಾಗಿದ್ದರೆ? ಅದರಲ್ಲೇನೂ ಕೇಡಿಲ್ಲವೆಂದೇ ನಾನು ತಿಳಿದಿದ್ದೆ, ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ ಕಾರಿನ ಕಥೆ ಓದುವ ತನಕ.

1952ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದ ಕಾರಿನ ವಂಶದ ಕುಡಿ ಇದು. ಅಮೆರಿಕದ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಪಟ್ಟು ಹಿಡಿದಿದ್ದರಿಂದ ಕಂಪನಿ ಅದನ್ನು ರಸ್ತೆಗೂ ಇಳಿಸಿತು. 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಜನ ಮೊದಲು ನೋಡಿದರು. ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳು ಎಲ್ಲರ ಕಣ್ಣು ಸೆಳೆದವು. ತೊಂದರೆ ಇದ್ದದ್ದು ಬಾನೆಟ್ಟಿನ ಕೆಳಗೆ.

ಬಾನೆಟ್ ತಗ್ಗಾಗಿರಲೆಂದು ಆರು ಸಿಲಿಂಡರಿನ, 2,996 ಸಿಸಿ ಎಂಜಿನ್ನನ್ನು ಪಕ್ಕಕ್ಕೆ ವಾಲಿಸಿ ಕೂರಿಸಿದ್ದರು. ವೇಗವಾಗಿ ತಿರುಗುವಾಗ ಸಾಮಾನ್ಯ ಎಂಜಿನ್ನಿನ ಅಡಿತೊಟ್ಟಿಯಲ್ಲಿ ಆಯಿಲ್ ಒಂದು ಮಗ್ಗುಲಿಗೆ ಸರಿಯುತ್ತದೆ. ಪಂಪು ಗಾಳಿ ಹೀರುತ್ತದೆ, ಬೇರಿಂಗ್ ಸುಡುತ್ತದೆ. ಅದಕ್ಕೇ ಇಲ್ಲಿ ಆಯಿಲನ್ನು ಬೇರೆ ಟ್ಯಾಂಕಿನಲ್ಲಿಟ್ಟರು. ಹತ್ತು ಲೀಟರಿಗೆ ಕಡಿಮೆಯಿಲ್ಲದಷ್ಟು ಆಯಿಲ್, ಜೊತೆಗೆ ಅದನ್ನು ತಂಪಾಗಿಸಲು ದೊಡ್ಡದೊಂದು ಕೂಲರ್. ರೇಸಿಗೆ ಹೇಳಿ ಮಾಡಿಸಿದ ಏರ್ಪಾಡು.

ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಬಾಷ್ ಪಂಪು ಎಂಜಿನ್ನಿನ ಜೊತೆಗೇ ತಿರುಗುತ್ತಿತ್ತು. ಚಾಲಕ ಕೀಲಿ ತಿರುಗಿಸಿ ಕಿಡಿ ನಿಲ್ಲಿಸಿದರೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತಿತ್ತು. ಉರಿಯದ ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಆಯಿಲಿಗೇ ಸೇರುತ್ತಿತ್ತು. ಮಾರನೆಯ ದಿನ ಸ್ಟಾರ್ಟ್ ಮಾಡಿದರೆ ಲೋಹಕ್ಕೆ ಲೋಹ ಉಜ್ಜುತ್ತಿತ್ತು.

ಆಯಿಲ್ ಚೆನ್ನಾಗಿ ಕಾದರೆ ಬೆರೆತ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ರೇಸಿನಲ್ಲಿ ಅದು ತಾನಾಗಿ ಕಾಯುತ್ತಿತ್ತು. ಪೇಟೆಯಲ್ಲಿ ಎರಡು ಮೈಲಿ ಹೋಗಿಬಂದರೆ ಅಷ್ಟು ಆಯಿಲ್, ಅಂಥ ಕೂಲರ್ ಇರುವಾಗ ಕಾಯುವುದೆಲ್ಲಿಂದ? ಮೆಲ್ಲಗೆ, ಜೋಪಾನವಾಗಿ ಓಡಿಸಿದವನ ಕಾರೇ ಬೇಗ ಸವೆಯುತ್ತಿತ್ತು.

ಇಂಥ ದೋಷವನ್ನು ಪತ್ತೆಹಚ್ಚಲು ದೊಡ್ಡ ಯಂತ್ರವೇನೂ ಬೇಡ. ಕಡ್ಡಿಯಲ್ಲಿ ಮಟ್ಟ ಏರಿರುತ್ತದೆ. ಮೂಸಿದರೆ ಪೆಟ್ರೋಲಿನ ವಾಸನೆ. ಬೆರಳ ನಡುವೆ ತಿಕ್ಕಿದರೆ ಜಿಡ್ಡಿಲ್ಲದೆ ನೀರುನೀರು. ಎಂಜಿನ್ ಬಿಸಿಯಾದ ಮೇಲೆ ಒತ್ತಡದ ಮುಳ್ಳು ಇಳಿಯುತ್ತದೆ.

ಪರಿಹಾರವೂ ಸರಳವೇ. ಕಾರಿನವರು ಕೂಲರಿಗೆ ಗಾಳಿ ತಾಗದಂತೆ ಅಡ್ಡ ಮುಚ್ಚಿದರು. ಪ್ರತಿ 1,600 ಕಿಲೋಮೀಟರಿಗೆ ಆಯಿಲ್ ಬದಲಿಸಬೇಕೆಂಬ ಸಲಹೆಯಿತ್ತು. ಆಗಾಗ ದೂರದ ದಾರಿಯಲ್ಲಿ ಜೋರಾಗಿ ಓಡಿಸುವುದಂತೂ ಎಲ್ಲಕ್ಕಿಂತ ಒಳ್ಳೆಯ ಮದ್ದು.

ಅತಿಯಾದರೆ ಅಮೃತವೂ ವಿಷ ಎನ್ನುತ್ತೇವೆ. ಇಲ್ಲಿ ಕೂಲರಿನಲ್ಲಾಗಲಿ ಟ್ಯಾಂಕಿನಲ್ಲಾಗಲಿ ತಪ್ಪಿರಲಿಲ್ಲ; ಓಟಕ್ಕೆ ಹುಟ್ಟಿದ್ದನ್ನು ಪೇಟೆ ಸುತ್ತಲು ಹಚ್ಚಿದ್ದೇ ತಪ್ಪು. ಈಗ ನಾನು ಯಾವ ಗಾಡಿಯ ಕಡ್ಡಿ ಎಳೆದರೂ ಮಟ್ಟ ನೋಡಿ ಸುಮ್ಮನಾಗುವುದಿಲ್ಲ. ಒಮ್ಮೆ ಮೂಸಿಯೂ ನೋಡುತ್ತೇನೆ.