ಮಾರ್ಪಾಡು ಚೌಕಟ್ಟುಗಳು: ರೂಟ್ ಮಾಡಿದ ಆಂಡ್ರಾಯ್ಡ್ ಫೋನಿನಲ್ಲಿ ಆಯ್ಕೆ ಮತ್ತು ಅಳವಡಿಕೆ

ಆಂಡ್ರಾಯ್ಡ್ ಕಾರ್ಯಾಚರಣ ವ್ಯವಸ್ಥೆಯ ಅಥವಾ ಅದರಲ್ಲಿ ನಡೆಯುವ ಆ್ಯಪ್‌ಗಳ ವರ್ತನೆಯನ್ನು, ಅವುಗಳ ಮೂಲ ಕಡತಗಳನ್ನು ಒಂದೊಂದಾಗಿ ಬಿಚ್ಚಿ ತಿದ್ದದೆ, ಹೊರಗಿನಿಂದ ಸೇರಿಸಿದ ಸಣ್ಣ ಘಟಕಗಳ ಮೂಲಕ ಬದಲಾಯಿಸಲು ನೆರವಾಗುವ ತಂತ್ರಾಂಶಕ್ಕೆ ಮಾರ್ಪಾಡು ಚೌಕಟ್ಟು ಎಂದು ಹೆಸರು. ಆ ಘಟಕಗಳನ್ನು ಮಾಡ್ಯೂಲ್‌ಗಳೆಂದು ಕರೆಯುತ್ತಾರೆ. ಇಂಥ ಚೌಕಟ್ಟು ಸಾಮಾನ್ಯವಾಗಿ ರೂಟ್ ಮಾಡಿದ ಫೋನಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆಂಡ್ರಾಯ್ಡಿನ ತಳದಲ್ಲಿರುವ ಲಿನಕ್ಸ್ ಕರ್ನಲ್ ಪ್ರತಿಯೊಂದು ಆ್ಯಪನ್ನೂ ಬೇರೆ ಬೇರೆ ಬಳಕೆದಾರನೆಂದು ಎಣಿಸಿ, ಒಂದರ ಕಡತ ಇನ್ನೊಂದರ ಕೈಗೆ ಸಿಗದಂತೆ ತಡೆಯುತ್ತದೆ. ಈ ಗಡಿಗಳನ್ನೆಲ್ಲ ದಾಟಬಲ್ಲ ಪರಮಾಧಿಕಾರಿ ಬಳಕೆದಾರನೇ ರೂಟ್, ಮತ್ತು ತಯಾರಕರು ಮುಚ್ಚಿಟ್ಟಿರುವ ಆ ಅಧಿಕಾರವನ್ನು ಫೋನಿನ ಮಾಲೀಕನು ಪಡೆದುಕೊಳ್ಳುವುದಕ್ಕೆ ರೂಟ್ ಮಾಡುವುದು ಎನ್ನುತ್ತಾರೆ.

ಮಾರ್ಪಾಡು ಎರಡು ಮಟ್ಟಗಳಲ್ಲಿ ನಡೆಯಬಹುದು. ಮೊದಲನೆಯದು ಕಡತಗಳ ಮಟ್ಟ: ವ್ಯವಸ್ಥೆಯ ಭಾಗದಲ್ಲಿರುವ ಫಾಂಟ್, ಧ್ವನಿ, ಸಂರಚನಾ ಕಡತ ಮೊದಲಾದವುಗಳ ಜಾಗದಲ್ಲಿ ಬೇರೆಯದನ್ನು ಇಡುವುದು. ಎರಡನೆಯದು ಸ್ಮೃತಿಯ ಮಟ್ಟ: ಕಡತವನ್ನು ಮುಟ್ಟದೆ, ನಡೆಯುತ್ತಿರುವ ಪ್ರೋಗ್ರಾಮಿನೊಳಗೆ ಹೊಕ್ಕು ಅದರ ಸೂಚನೆಗಳ ದಾರಿಯನ್ನು ತಿರುಗಿಸುವುದು. ಮೊದಲನೆಯದರ ಅಗತ್ಯ ಕನ್ನಡ ಓದುಗರಿಗೂ ಒಂದು ಕಾಲದಲ್ಲಿ ನೇರವಾಗಿ ತಟ್ಟಿತ್ತು. ಆಂಡ್ರಾಯ್ಡ್ ಕನ್ನಡ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಬೆಂಬಲ ನೀಡಿದ್ದು 2012ರಲ್ಲಿ ಬಂದ 4.1ನೇ ಆವೃತ್ತಿಯಲ್ಲಿ, ಅದಕ್ಕೆ ಮುಂಚಿನ ಬಹಳಷ್ಟು ಫೋನುಗಳಲ್ಲಿ ಕನ್ನಡದ ಪಠ್ಯ ಖಾಲಿ ಚೌಕಗಳಾಗಿ ಕಾಣುತ್ತಿತ್ತು. ರೂಟ್ ಮಾಡಿ ಫಾಂಟ್ ಕಡತವನ್ನು ಬದಲಾಯಿಸಿದರೆ ಅಕ್ಷರಗಳೇನೋ ಮೂಡುತ್ತಿದ್ದವು, ಆದರೆ ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಫಾಂಟಿನ ಹೊರಗೆ, ಅಕ್ಷರವಿನ್ಯಾಸದ ತಂತ್ರಾಂಶದಲ್ಲಿ ನಡೆಯಬೇಕಾದ್ದರಿಂದ ಅವು ಸರಿಯಾಗಿ ಕೂಡಿಕೊಳ್ಳುತ್ತಿರಲಿಲ್ಲ. ಕಡತವನ್ನು ಬದಲಿಸಿದ ಮಾತ್ರಕ್ಕೆ ವರ್ತನೆ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ವರ್ತನೆಯನ್ನೇ ಬದಲಿಸುವ ಚೌಕಟ್ಟುಗಳಲ್ಲಿ ಮೊದಲು ವ್ಯಾಪಕವಾಗಿ ಬಳಕೆಗೆ ಬಂದದ್ದು ಎಕ್ಸ್‌ಪೋಸ್ಡ್. ರೋವೋ89 ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಭಿವೃದ್ಧಿಕಾರರು ಇದನ್ನು 2012ರಲ್ಲಿ ಬಿಡುಗಡೆ ಮಾಡಿದರು. ಇದರ ಜಾಣ್ಮೆ ಇರುವುದು ಝೈಗೋಟ್ ಎಂಬ ಪ್ರಕ್ರಿಯೆಯನ್ನು ಹಿಡಿದುಕೊಂಡ ರೀತಿಯಲ್ಲಿ. ಫೋನು ಚಾಲೂ ಆಗುವಾಗ ಆರಂಭವಾಗುವ ಝೈಗೋಟ್, ಎಲ್ಲ ಆ್ಯಪ್‌ಗಳಿಗೂ ಬೇಕಾಗುವ ಸಾಮಾನ್ಯ ಗ್ರಂಥಾಲಯಗಳನ್ನು ಮೊದಲೇ ಸ್ಮೃತಿಗೆ ತಂದಿಟ್ಟುಕೊಂಡು, ಆಮೇಲೆ ತೆರೆಯುವ ಪ್ರತಿಯೊಂದು ಆ್ಯಪನ್ನೂ ತನ್ನದೇ ನಕಲಾಗಿ ಹುಟ್ಟಿಸುತ್ತದೆ. ಎಕ್ಸ್‌ಪೋಸ್ಡ್ ಈ ಝೈಗೋಟನ್ನು ಆರಂಭಿಸುವ ಕಡತದ ಜಾಗದಲ್ಲಿ ತನ್ನ ತಿದ್ದಿದ ಕಡತವನ್ನಿಟ್ಟು, ಅದರ ಮೂಲಕ ತನ್ನ ಗ್ರಂಥಾಲಯವನ್ನೂ ಒಳಕ್ಕೆ ಸೇರಿಸುತ್ತಿತ್ತು. ತಾಯಿ ಪ್ರಕ್ರಿಯೆಯಲ್ಲಿ ಒಮ್ಮೆ ಸೇರಿದ್ದು ಅದರಿಂದ ಹುಟ್ಟುವ ಎಲ್ಲ ಆ್ಯಪ್‌ಗಳಲ್ಲೂ ತಾನಾಗಿ ಇರುತ್ತಿತ್ತು.

ಮಾಡ್ಯೂಲೊಂದು ಕೆಲಸ ಮಾಡುವ ಬಗೆಯನ್ನು, ಎಕ್ಸ್‌ಪೋಸ್ಡ್ ಕಲಿಯುವವರಿಗಾಗಿ ಅದರ ಕರ್ತೃವೇ ಕೊಟ್ಟ ಉದಾಹರಣೆಯಿಂದ ತಿಳಿಯಬಹುದು. ಪರದೆಯ ಮೇಲಂಚಿನಲ್ಲಿರುವ ಗಡಿಯಾರದ ಅಂಕಿಗಳನ್ನು ಕೆಂಪಾಗಿಸುವುದು ಆ ಮಾಡ್ಯೂಲಿನ ಗುರಿ. ಪ್ರತಿ ಆ್ಯಪ್ ತೆರೆದಾಗಲೂ ಚೌಕಟ್ಟು ಅದರ ಹೆಸರನ್ನು ಮಾಡ್ಯೂಲಿಗೆ ತಿಳಿಸುತ್ತದೆ. ಹೆಸರು ಸಿಸ್ಟಂ ಯುಐ (ಆ ಮೇಲಂಚಿನ ಪಟ್ಟಿಯನ್ನು ತೋರಿಸುವ ವ್ಯವಸ್ಥೆಯ ಆ್ಯಪ್) ಎಂದಿದ್ದರೆ ಮಾತ್ರ ಮಾಡ್ಯೂಲ್ ಮುಂದುವರಿದು, ಗಡಿಯಾರದ ವರ್ಗವನ್ನೂ ಅದರಲ್ಲಿ ಸಮಯವನ್ನು ಹೊಸದಾಗಿ ಬರೆಯುವ ವಿಧಾನವನ್ನೂ ಹುಡುಕಿ ಅಲ್ಲಿ ಕೊಕ್ಕೆ ಹಾಕುತ್ತದೆ. ಕೊಕ್ಕೆಗೆ ಎರಡು ಬಾಯಿಗಳಿವೆ: ಒಂದು ಮೂಲ ವಿಧಾನ ನಡೆಯುವ ಮುಂಚೆ ತೆರೆದು ಅದಕ್ಕೆ ಹೋಗುವ ಮೌಲ್ಯಗಳನ್ನು ಬದಲಿಸಬಲ್ಲದು, ಇನ್ನೊಂದು ನಡೆದ ಮೇಲೆ ತೆರೆದು ಅದರ ಫಲಿತಾಂಶವನ್ನು ತಿದ್ದಬಲ್ಲದು. ಗಡಿಯಾರದ ಉದಾಹರಣೆಯಲ್ಲಿ ಎರಡನೆಯದು ಸಾಕು. ಸಮಯ ಬರೆದಾದ ಮೇಲೆ ಬಣ್ಣ ಬದಲಾಗುತ್ತದೆ, ಪಕ್ಕದಲ್ಲೊಂದು ನಗುಮುಖದ ಚಿಹ್ನೆ ಸೇರುತ್ತದೆ. ಮಾಡ್ಯೂಲನ್ನು ತೆಗೆದು ಫೋನನ್ನು ಮರುಚಾಲನೆ ಮಾಡಿದರೆ ಗಡಿಯಾರ ಮೊದಲಿನಂತೆಯೇ ಇರುತ್ತದೆ, ಏಕೆಂದರೆ ಸಿಸ್ಟಂ ಯುಐ ಕಡತದ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಗ್ರಾವಿಟಿಬಾಕ್ಸ್‌ನಂಥ ಹೆಸರಾಂತ ಮಾಡ್ಯೂಲ್‌ಗಳು ಇದೇ ತತ್ತ್ವವನ್ನು ಹಿಗ್ಗಿಸಿ, ಸ್ಥಿತಿಪಟ್ಟಿ, ಗುಂಡಿಗಳು, ಬೀಗಪರದೆ ಮೊದಲಾದವುಗಳ ಹಲವಾರು ಆಯ್ಕೆಗಳನ್ನು ಒಂದೆಡೆ ಒದಗಿಸಿದವು.

ಆದರೆ ಎಕ್ಸ್‌ಪೋಸ್ಡ್ ತಾನು ಮಾತ್ರ ವ್ಯವಸ್ಥೆಯ ಭಾಗದೊಳಗೆ ಬರೆಯಲೇಬೇಕಾಗಿತ್ತು, ಮತ್ತು ಅದೇ ಅದಕ್ಕೆ ತೊಡಕಾಯಿತು. ಆಂಡ್ರಾಯ್ಡ್ 5.0ರಲ್ಲಿ ಡಾಲ್ವಿಕ್ ಎಂಬ ಹಳೆಯ ಚಾಲನಾ ಪರಿಸರದ ಜಾಗಕ್ಕೆ ಎಆರ್‌ಟಿ ಬಂದಾಗ, ಆ್ಯಪ್‌ಗಳ ಸಂಕೇತ ಅಳವಡಿಕೆಯ ಹೊತ್ತಿನಲ್ಲೇ ಯಂತ್ರಭಾಷೆಗೆ ಪರಿವರ್ತನೆಯಾಗತೊಡಗಿತು. ಸಣ್ಣ ವಿಧಾನಗಳು ಅವುಗಳನ್ನು ಕರೆಯುವ ವಿಧಾನದೊಳಗೇ ಬೆರೆತುಹೋಗಿ ಕೊಕ್ಕೆಗೆ ಸಿಗದಾದವು. ಆದ್ದರಿಂದ ತಿದ್ದಿದ ಎಆರ್‌ಟಿಯನ್ನೇ ಒದಗಿಸಬೇಕಾಗಿ ಬಂದು, ಪ್ರತಿ ಹೊಸ ಆಂಡ್ರಾಯ್ಡ್ ಆವೃತ್ತಿಗೂ ದೀರ್ಘ ಕಾಲದ ಕೆಲಸ ಅನಿವಾರ್ಯವಾಯಿತು. 7ನೇ ಆವೃತ್ತಿಗೆ ಎಕ್ಸ್‌ಪೋಸ್ಡ್ ಸಿದ್ಧವಾದದ್ದು 2017ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ 8ನೇ ಆವೃತ್ತಿ ಹೊರಬಂದಿತ್ತು. ಇದರ ಜೊತೆಗೆ, ವ್ಯವಸ್ಥೆಯ ಭಾಗ ಅಕ್ಷರಶಃ ತಯಾರಕರು ಕೊಟ್ಟಂತೆಯೇ ಇದೆಯೇ ಎಂದು ಚಾಲನೆಯ ವೇಳೆ ಪರೀಕ್ಷಿಸುವ ದೃಢೀಕೃತ ಬೂಟ್ 7ನೇ ಆವೃತ್ತಿಯಿಂದ ಕಟ್ಟುನಿಟ್ಟಾಯಿತು. ಈಚಿನ ಹಲವು ಫೋನುಗಳಲ್ಲಂತೂ ಆ ಭಾಗವನ್ನು ಬರೆಯಬಲ್ಲ ಸ್ಥಿತಿಯಲ್ಲಿ ತೆರೆಯುವುದೇ ಸಾಧ್ಯವಿಲ್ಲ.

ಈ ಬಿಕ್ಕಟ್ಟಿಗೆ ಉತ್ತರವಾಗಿ ರೂಪುಗೊಂಡದ್ದು, ವ್ಯವಸ್ಥೆಯ ಭಾಗವನ್ನು ಮುಟ್ಟದೆ ಮಾಡುವ ಮಾರ್ಪಾಡು. ಚೈನ್‌ಫೈರ್ ಎಂಬ ಹೆಸರಿನ ಅಭಿವೃದ್ಧಿಕಾರರು 2015ರಲ್ಲಿ ತಮ್ಮ ರೂಟ್ ಸಾಧನವಾದ ಸೂಪರ್‌ಎಸ್‌ಯುವಿನಲ್ಲಿ ಈ ದಾರಿಯನ್ನು ತೋರಿಸಿದರು. ಟಾಪ್‌ಜಾನ್‌ವು ಎಂಬ ಹೆಸರಿನಿಂದ ಪರಿಚಿತರಾದ ಜಾನ್ ವು 2016ರಲ್ಲಿ ಹೊರತಂದ ಮ್ಯಾಜಿಸ್ಕ್ ಅದನ್ನು ಪೂರ್ಣ ಚೌಕಟ್ಟಾಗಿ ಬೆಳೆಸಿತು. ಮ್ಯಾಜಿಸ್ಕ್ ತಿದ್ದುವುದು ಬೂಟ್ ಚಿತ್ರಿಕೆಯನ್ನು, ಅಂದರೆ ಕರ್ನಲ್ ಮತ್ತು ಆರಂಭದ ಸಾಧನಗಳನ್ನೊಳಗೊಂಡ ಸಣ್ಣ ಭಾಗವನ್ನು ಮಾತ್ರ. ಅಲ್ಲಿಂದ ಎಲ್ಲರಿಗಿಂತ ಮೊದಲು ಎಚ್ಚರಗೊಂಡು, ಮಾಡ್ಯೂಲ್‌ಗಳು ಕೊಟ್ಟ ಕಡತಗಳನ್ನು ಮೂಲ ಕಡತಗಳ ಮೇಲೆ, ಪುಸ್ತಕದ ಪುಟದ ಮೇಲೆ ತಿದ್ದಿದ ಹಾಳೆಯೊಂದನ್ನು ಹೊದಿಸಿದಂತೆ, ಆರೋಪಿಸುತ್ತದೆ. ಓದುವ ಆ್ಯಪ್‌ಗಳಿಗೆ ಕಾಣುವುದು ಮೇಲಿನ ಹಾಳೆ. ಅಡಿಯಲ್ಲಿರುವ ಕಡತ ಹಾಗೆಯೇ ಉಳಿದಿರುತ್ತದೆ.

ಮ್ಯಾಜಿಸ್ಕ್ ಕಡತಗಳ ಮಟ್ಟದ ಚೌಕಟ್ಟು, ಎಕ್ಸ್‌ಪೋಸ್ಡ್ ಸ್ಮೃತಿಯ ಮಟ್ಟದ್ದು ಎಂಬ ವಿಂಗಡಣೆಯನ್ನು ತಿಳಿಯದವರು ಎರಡನ್ನೂ ಪ್ರತಿಸ್ಪರ್ಧಿಗಳೆಂದು ಭಾವಿಸುವುದುಂಟು. ವಾಸ್ತವವಾಗಿ ಎಕ್ಸ್‌ಪೋಸ್ಡ್‌ನ ಉತ್ತರಾಧಿಕಾರಿಗಳು ಮ್ಯಾಜಿಸ್ಕ್‌ನ ಹೆಗಲ ಮೇಲೆಯೇ ನಿಂತಿದ್ದಾರೆ. ರಿರು ಎಂಬ ಮಾಡ್ಯೂಲ್ ಝೈಗೋಟಿನೊಳಕ್ಕೆ ಹೋಗುವ ದಾರಿಯನ್ನು ತೆರೆಯಿತು. ಅದನ್ನು ಆಧರಿಸಿ ಎಡ್‌ಎಕ್ಸ್‌ಪೋಸ್ಡ್ ಬಂದಿತು, ಬಳಿಕ ಎಲ್‌ಎಸ್‌ಪೋಸ್ಡ್ ಬಂದು ಅದರ ಸ್ಥಾನವನ್ನು ಪಡೆಯಿತು. 2022ರ ಜನವರಿಯಲ್ಲಿ ಹೊರಬಂದ ಮ್ಯಾಜಿಸ್ಕ್ 24ನೇ ಆವೃತ್ತಿ ಝೈಗಿಸ್ಕ್ ಎಂಬ ಸ್ವಂತ ಪ್ರವೇಶಮಾರ್ಗವನ್ನು ಒದಗಿಸಿದ್ದರಿಂದ ರಿರುವಿನ ಅಗತ್ಯವೂ ತಪ್ಪಿತು. ಎಲ್‌ಎಸ್‌ಪೋಸ್ಡ್ ತಂದ ಬದಲಾವಣೆಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ವ್ಯಾಪ್ತಿಯ ಕಲ್ಪನೆ. ಹಳೆಯ ಎಕ್ಸ್‌ಪೋಸ್ಡ್‌ನಲ್ಲಿ ಮಾಡ್ಯೂಲ್ ಪ್ರತಿಯೊಂದು ಆ್ಯಪಿನೊಳಗೂ ಹೋಗುತ್ತಿತ್ತು, ತನಗೆ ಸಂಬಂಧವಿಲ್ಲವಾದರೆ ಸುಮ್ಮನಿರುವುದು ಅದರ ಸೌಜನ್ಯಕ್ಕೆ ಬಿಟ್ಟದ್ದಾಗಿತ್ತು. ಎಲ್‌ಎಸ್‌ಪೋಸ್ಡ್‌ನಲ್ಲಿ ಯಾವ ಮಾಡ್ಯೂಲ್ ಯಾವ ಆ್ಯಪಿನೊಳಗೆ ಹೋಗಬಹುದೆಂದು ಬಳಕೆದಾರನೇ ಗುರುತು ಹಾಕುತ್ತಾನೆ, ಉಳಿದೆಡೆ ಅದಕ್ಕೆ ಪ್ರವೇಶವೇ ಇರುವುದಿಲ್ಲ. ಎಲ್‌ಎಸ್‌ಪೋಸ್ಡ್‌ನ ಮೂಲ ಯೋಜನೆಯ ಕೆಲಸ 2024ರ ಆರಂಭದಲ್ಲಿ ನಿಂತಿದ್ದು, ಅದರ ಮೂಲಸಂಕೇತದಿಂದ ಕವಲೊಡೆದ ಯೋಜನೆಗಳು ಮುಂದುವರಿದಿವೆ.

ಮತ್ತೊಂದು ಮಾರ್ಗ ಕರ್ನಲ್‌ನೊಳಗಿನಿಂದಲೇ ರೂಟ್ ಅಧಿಕಾರ ಕೊಡುವುದು. ಕರ್ನಲ್‌ಎಸ್‌ಯು ಮತ್ತು ಎಪ್ಯಾಚ್ ಈ ಬಗೆಯವು. ಮೊದಲನೆಯದು ಮುಖ್ಯವಾಗಿ ಲಿನಕ್ಸ್ ಕರ್ನಲ್‌ನ 5.10 ಹಾಗೂ ಅನಂತರದ ಆವೃತ್ತಿಗಳ ಸಾಮಾನ್ಯ ಕರ್ನಲ್ ಚಿತ್ರಿಕೆ (ಜಿಕೆಐ) ಇರುವ ಫೋನುಗಳಿಗಾಗಿ ರೂಪಿತವಾದದ್ದು. ಇಲ್ಲಿ ಅನುಮತಿ ಪಡೆಯದ ಆ್ಯಪ್‌ಗಳಿಗೆ ರೂಟ್ ಇರುವ ಸುಳಿವು ಕಡಿಮೆ ಸಿಗುತ್ತದೆ; ಆದರೆ ಝೈಗಿಸ್ಕ್ ಇದರೊಂದಿಗೆ ಬರುವುದಿಲ್ಲವಾದ್ದರಿಂದ ಎಲ್‌ಎಸ್‌ಪೋಸ್ಡ್ ಬೇಕಾದವರು ಆ ಮಾರ್ಗವನ್ನು ಪ್ರತ್ಯೇಕ ಮಾಡ್ಯೂಲಿನಿಂದ ಪಡೆಯಬೇಕು.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು, ಮೊದಲಿಗೆ, ಬೇಕಾದ ಮಾರ್ಪಾಡು ಯಾವ ಮಟ್ಟದ್ದು ಎಂಬುದನ್ನು ಅವಲಂಬಿಸಿದೆ. ಫಾಂಟ್, ಎಮೋಜಿ, ಜಾಹೀರಾತು ತಡೆಯುವ ವಿಳಾಸಪಟ್ಟಿ ಇಂಥವುಗಳಿಗೆ ಮ್ಯಾಜಿಸ್ಕ್ ಅಥವಾ ಕರ್ನಲ್‌ಎಸ್‌ಯು ಸಾಕು. ಅದಕ್ಕಾಗಿ ಎಲ್‌ಎಸ್‌ಪೋಸ್ಡ್ ಹಾಕುವುದು ಬೇಡದ ಅಪಾಯವನ್ನು ಮನೆಯೊಳಗೆ ಕರೆದಂತೆ. ಆ್ಯಪಿನ ನಡವಳಿಕೆಯನ್ನೇ ಬದಲಿಸಬೇಕಾದಾಗ ಮಾತ್ರ ಕೊಕ್ಕೆಯ ಚೌಕಟ್ಟು ಅಗತ್ಯ. ಎರಡನೆಯದಾಗಿ ನೋಡಬೇಕಾದದ್ದು ಫೋನಿನ ಆಂಡ್ರಾಯ್ಡ್ ಆವೃತ್ತಿಗೆ ಚೌಕಟ್ಟು ಹೊಂದುತ್ತದೆಯೇ ಎಂಬುದು. ಎಲ್ಲಕ್ಕಿಂತ ಭಾರವಾದದ್ದು ಮೂರನೆಯ ವಿಚಾರ. ಕೊಕ್ಕೆ ಹಾಕಿದ ಮಾಡ್ಯೂಲ್ ಆ ಆ್ಯಪಿನೊಳಗೆ, ಆ್ಯಪಿನದೇ ಅಧಿಕಾರದಲ್ಲಿ ನಡೆಯುತ್ತದೆ. ಬ್ಯಾಂಕಿನ ಆ್ಯಪಿನೊಳಗೆ ಬಿಟ್ಟ ಮಾಡ್ಯೂಲ್ ಅಲ್ಲಿ ಟೈಪ್ ಮಾಡುವ ಗುಪ್ತಸಂಖ್ಯೆಯನ್ನೂ ಓದಬಲ್ಲದು, ಮೆಸೇಜಿನ ಆ್ಯಪಿನೊಳಗೆ ಬಿಟ್ಟದ್ದು ಒಂದು ಬಾರಿಯ ಪಾಸ್‌ವರ್ಡನ್ನೂ ಕಾಣಬಲ್ಲದು. ಆಂಡ್ರಾಯ್ಡಿನ ಅನುಮತಿ ಕೇಳುವ ಪರದೆ ಇಲ್ಲಿ ಎದುರಾಗುವುದೇ ಇಲ್ಲ. ಆದ್ದರಿಂದ ಮೂಲಸಂಕೇತ ಬಹಿರಂಗವಾಗಿಲ್ಲದ, ಕರ್ತೃ ಯಾರೆಂದು ತಿಳಿಯದ ಮಾಡ್ಯೂಲ್ ಎಷ್ಟೇ ಆಕರ್ಷಕವಾಗಿದ್ದರೂ ಅದನ್ನು ದೂರವಿಡುವುದೇ ಸರಿ, ಮತ್ತು ಹಾಕಿದ್ದಕ್ಕೂ ವ್ಯಾಪ್ತಿಯನ್ನು ಆದಷ್ಟು ಕಿರಿದಾಗಿಸುವುದೇ ವಿವೇಕ.

ಅಳವಡಿಕೆಯ ಮೊದಲ ಹೆಜ್ಜೆ ಬೂಟ್‌ಲೋಡರಿನ ಬೀಗ ತೆಗೆಯುವುದು. ಕಾರ್ಯಾಚರಣ ವ್ಯವಸ್ಥೆಯನ್ನು ಚಾಲೂ ಮಾಡುವ ಈ ಆರಂಭಿಕ ಪ್ರೋಗ್ರಾಂ, ಬೀಗವಿರುವವರೆಗೆ ತಯಾರಕರ ಸಹಿಯಿಲ್ಲದ ಚಿತ್ರಿಕೆಯನ್ನು ಒಪ್ಪುವುದಿಲ್ಲ. ಬೀಗ ತೆಗೆದ ಕ್ಷಣ ಫೋನಿನಲ್ಲಿರುವ ಎಲ್ಲ ದತ್ತಾಂಶ ಅಳಿಸಿಹೋಗುವುದರಿಂದ ಮುಂಚಿತವಾಗಿ ನಕಲು ತೆಗೆದಿಡಬೇಕು. ಇದಕ್ಕೆ ಅವಕಾಶ ಕೊಡುವುದು ಬಿಡುವುದು ತಯಾರಕರ ಇಚ್ಛೆ: ಗೂಗಲ್ ಪಿಕ್ಸೆಲ್‌ನಲ್ಲಿ ಒಂದು ಆದೇಶದಿಂದ ಮುಗಿಯುತ್ತದೆ, ಶಿಯೋಮಿ ಕಾಯುವ ಅವಧಿ ವಿಧಿಸುತ್ತದೆ, ಹುವಾವೇ 2018ರಲ್ಲಿ ಬೀಗ ತೆಗೆಯುವ ಸಂಕೇತ ಕೊಡುವುದನ್ನೇ ನಿಲ್ಲಿಸಿತು.

ಅನಂತರ ಫೋನಿನಲ್ಲಿ ಆಗ ಇರುವ ತಂತ್ರಾಂಶದ ಅದೇ ಸಂಖ್ಯೆಯ ಬೂಟ್ ಚಿತ್ರಿಕೆಯನ್ನು ತಯಾರಕರ ಮೂಲ ಫರ್ಮ್‌ವೇರಿನಿಂದ ಹೊರತೆಗೆಯಬೇಕು. ಅಳವಡಿಕೆಯಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. ಒಂದು ತಿಂಗಳ ಹಿಂದಿನ ಆವೃತ್ತಿಯ ಚಿತ್ರಿಕೆ ಹಾಕಿದರೂ ಫೋನು ಏಳದಿರಬಹುದು, ಎದ್ದರೂ ವೈಫೈ ಅಥವಾ ಸ್ಪರ್ಶ ಕೆಲಸ ಮಾಡದಿರಬಹುದು. ಆಂಡ್ರಾಯ್ಡ್ 13ರೊಂದಿಗೆ ಮಾರುಕಟ್ಟೆಗೆ ಬಂದ ಹಲವು ಫೋನುಗಳಲ್ಲಿ ತಿದ್ದಬೇಕಾದದ್ದು ಇನಿಟ್ ಬೂಟ್ ಎಂಬ ಪ್ರತ್ಯೇಕ ಚಿತ್ರಿಕೆಯನ್ನು. ಆ ಕಡತವನ್ನು ಫೋನಿಗೆ ನಕಲಿಸಿ ಮ್ಯಾಜಿಸ್ಕ್ ಆ್ಯಪಿನಲ್ಲಿ ಆರಿಸಿದರೆ ತಿದ್ದಿದ ಪ್ರತಿಯೊಂದು ಸಿದ್ಧವಾಗುತ್ತದೆ; ಅದನ್ನು ಕಂಪ್ಯೂಟರಿಗೆ ತಂದು, ಫಾಸ್ಟ್‌ಬೂಟ್ ಎಂಬ ಸಾಧನದ ಮೂಲಕ ಅದೇ ಭಾಗಕ್ಕೆ ಬರೆಯಬೇಕು. ಸ್ಯಾಮ್‌ಸಂಗ್ ಫೋನುಗಳಲ್ಲಿ ಈ ಕೆಲಸಕ್ಕೆ ಓಡಿನ್ ಎಂಬ ಸಾಧನ ಬಳಕೆಯಾಗುತ್ತದೆ. ಮೂಲ ಚಿತ್ರಿಕೆಯ ಪ್ರತಿಯನ್ನು ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರಿಗೆ ಮುಂದಿನ ಬಹುತೇಕ ಅವಘಡಗಳಿಂದ ಪಾರಾಗುವ ದಾರಿ ಇರುತ್ತದೆ. ಫೋನು ಎದ್ದ ಮೇಲೆ ಮ್ಯಾಜಿಸ್ಕ್‌ನಲ್ಲಿ ಝೈಗಿಸ್ಕನ್ನು ಚಾಲೂ ಮಾಡಿ ಮರುಚಾಲನೆ ಮಾಡಿ, ಎಲ್‌ಎಸ್‌ಪೋಸ್ಡ್‌ನ ಜಿಪ್ ಕಡತವನ್ನು ಮಾಡ್ಯೂಲ್ ವಿಭಾಗದಿಂದ ಹಾಕಿ ಮತ್ತೆ ಮರುಚಾಲನೆ ಮಾಡಬೇಕು. ಎಕ್ಸ್‌ಪೋಸ್ಡ್ ಬಗೆಯ ಮಾಡ್ಯೂಲ್‌ಗಳು ಸಾಮಾನ್ಯ ಆ್ಯಪಿನಂತೆಯೇ ಹಾಕಿಕೊಳ್ಳುವಂಥವು. ಹಾಕಿದ ಮೇಲೆ ಎಲ್‌ಎಸ್‌ಪೋಸ್ಡ್‌ನ ನಿರ್ವಾಹಕ ಆ್ಯಪಿನಲ್ಲಿ ಸಕ್ರಿಯಗೊಳಿಸಿ, ವ್ಯಾಪ್ತಿ ಗುರುತಿಸಿ, ಗುರಿಯಾದ ಆ್ಯಪನ್ನು ಬಲವಂತವಾಗಿ ನಿಲ್ಲಿಸಿ ತೆರೆದರೆ ಮಾರ್ಪಾಡು ಜಾರಿಗೆ ಬರುತ್ತದೆ.

ಹೊಂದದ ಮಾಡ್ಯೂಲ್ ಹಾಕಿದಾಗ ಫೋನು ಚಾಲೂ ಆಗದೆ ಮತ್ತೆ ಮತ್ತೆ ಆರಂಭಕ್ಕೇ ಮರಳುವುದುಂಟು. ಇದನ್ನು ಬೂಟ್‌ಲೂಪ್ ಎನ್ನುತ್ತಾರೆ. ಯುಎಸ್‌ಬಿ ಡೀಬಗಿಂಗ್ ಮೊದಲೇ ಚಾಲೂ ಇದ್ದು ಕಂಪ್ಯೂಟರಿಗೆ ಫೋನು ಕಾಣುತ್ತಿದ್ದರೆ, ಒಂದೇ ಆದೇಶದಿಂದ ಎಲ್ಲ ಮಾಡ್ಯೂಲ್‌ಗಳನ್ನೂ ತೆಗೆಯಬಹುದು. ಇಲ್ಲದಿದ್ದರೆ ಗುಂಡಿಗಳ ಜೋಡಣೆಯಿಂದ ಆಂಡ್ರಾಯ್ಡಿನ ಸುರಕ್ಷಿತ ಸ್ಥಿತಿಗೆ ಹೋಗಬೇಕು. ಮ್ಯಾಜಿಸ್ಕ್ ಅದನ್ನು ಗುರುತಿಸಿ ಎಲ್ಲ ಮಾಡ್ಯೂಲ್‌ಗಳನ್ನೂ ನಿಷ್ಕ್ರಿಯಗೊಳಿಸುತ್ತದೆ. ಒಮ್ಮೆಗೆ ಒಂದೇ ಮಾಡ್ಯೂಲ್ ಹಾಕಿ ಪರೀಕ್ಷಿಸುವ ಅಭ್ಯಾಸವಿದ್ದರೆ ದೋಷ ಯಾವುದರದ್ದೆಂದು ಹುಡುಕುವ ಪಾಡು ಇರುವುದಿಲ್ಲ.

ಭಾರತದಲ್ಲಿ ರೂಟ್ ಮಾಡಿದ ಫೋನುಗಳ ಬಳಕೆಗೆ ದೊಡ್ಡ ತಡೆ ಹಣಪಾವತಿ. ಯುಪಿಐ ದಿನನಿತ್ಯದ ವ್ಯವಹಾರವಾಗಿರುವಲ್ಲಿ, ರೂಟ್ ಅಥವಾ ತೆರೆದ ಬೂಟ್‌ಲೋಡರ್ ಕಂಡರೆ ಅನೇಕ ಬ್ಯಾಂಕುಗಳ ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸುತ್ತವೆ. ಗೂಗಲ್ ಮೊದಲು ಸೇಫ್ಟಿನೆಟ್, ಈಗ ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆಯನ್ನು ಆ್ಯಪ್‌ಗಳಿಗೆ ಒದಗಿಸಿದೆ. ಇದರ ಅತ್ಯಂತ ಬಿಗಿಯಾದ ಮಟ್ಟದಲ್ಲಿ ಫೋನಿನ ಚಿಪ್‌ನಲ್ಲಿರುವ, ಕಾರ್ಯಾಚರಣ ವ್ಯವಸ್ಥೆಯ ಕೈಗೆ ಎಟುಕದ ಸುರಕ್ಷಿತ ವಲಯವೇ ಬೂಟ್‌ಲೋಡರಿನ ಸ್ಥಿತಿಗೆ ಸಹಿ ಹಾಕುತ್ತದೆ. ಮ್ಯಾಜಿಸ್ಕ್‌ನಲ್ಲಿದ್ದ ಮರೆಮಾಚುವ ಸೌಲಭ್ಯವನ್ನು, ಜಾನ್ ವು ಗೂಗಲ್ ಸೇರಿದ ಮೇಲೆ ಬಂದ 24ನೇ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಅದರ ಬದಲಿಗೆ ಬಂದ ನಿರಾಕರಣೆಯ ಪಟ್ಟಿ, ಪಟ್ಟಿಯಲ್ಲಿರುವ ಆ್ಯಪ್‌ಗಳಲ್ಲಿ ಮಾರ್ಪಾಡುಗಳನ್ನು ನಡೆಸದೆ ಬಿಡುತ್ತದೆ, ರೂಟನ್ನು ಅಡಗಿಸುವ ಹೊಣೆ ಹೊರುವುದಿಲ್ಲ. ಹಣದ ವ್ಯವಹಾರಕ್ಕೆ ಬೇರೊಂದು ಮಾರ್ಪಾಡಿಲ್ಲದ ಫೋನು ಇಟ್ಟುಕೊಳ್ಳುವುದೇ ಇದಕ್ಕೆ ನೆಮ್ಮದಿಯ ಪರಿಹಾರ.

ಚೌಕಟ್ಟನ್ನು ತೆಗೆಯುವಾಗ ಮ್ಯಾಜಿಸ್ಕ್‌ನ ಪೂರ್ಣ ತೆರವಿನ ಆಯ್ಕೆಯಿಂದಲೋ ಫಾಸ್ಟ್‌ಬೂಟ್‌ನಿಂದಲೋ ಮೂಲ ಚಿತ್ರಿಕೆಯನ್ನು ಮರಳಿ ಬರೆದು, ಫೋನು ಸರಿಯಾಗಿ ಚಾಲೂ ಆಗುವುದನ್ನು ನೋಡಿಕೊಂಡ ಬಳಿಕವೇ ಬೂಟ್‌ಲೋಡರಿಗೆ ಬೀಗ ಹಾಕಬೇಕು. ತಿದ್ದಿದ ಚಿತ್ರಿಕೆ ಇರುವಾಗಲೇ ಬೀಗ ಹಾಕಿದರೆ ಫೋನು ಏಳದೇ ಹೋಗಬಹುದು. ಬೀಗ ಹಾಕುವಾಗಲೂ ದತ್ತಾಂಶವೆಲ್ಲ ಅಳಿಯುತ್ತದೆ. ಸ್ಯಾಮ್‌ಸಂಗ್ ಫೋನಿನಲ್ಲಿ ಅಧಿಕೃತವಲ್ಲದ ಚಿತ್ರಿಕೆ ಬರೆದಾಗ ಬದಲಾಗುವ, ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಗುರುತು ಮಾತ್ರ ಏನು ಮಾಡಿದರೂ ಹಿಂದಿನ ಸ್ಥಿತಿಗೆ ಮರಳುವುದಿಲ್ಲ.