ಸ್ವಮಗ್ನ, ಸ್ವಲೀನ ಮತ್ತು ಒಂದು ಬಸ್ಸು

ಪುಣೆಯಲ್ಲಿ ನನ್ನ ಮಗನ ಬಗ್ಗೆ ಮೊದಲು ಕೇಳಿದ ಪದ ‘ಸ್ವಮಗ್ನ’. ಮರಾಠಿಯಲ್ಲಿ ಆಟಿಸಂ ಇರುವವರನ್ನು ಹಾಗೆನ್ನುತ್ತಾರೆ. ಹುಬ್ಬಳ್ಳಿಗೆ ಫೋನು ಮಾಡಿ ಅಮ್ಮನಿಗೆ ತಿಳಿಸುವಾಗ ಕನ್ನಡದ ‘ಸ್ವಲೀನತೆ’ಯನ್ನು ಹುಡುಕಿ ಹೇಳಿದೆ. ‘ತನ್ನೊಳಗ ತಾನ ಮುಳುಗಿದವಾ ಅಂದ್ರ ಋಷಿ ಅಲ್ಲೇನೋ?’ ಎಂದರು ಅಮ್ಮ.

ಎರಡೂ ಪದಗಳು ಗ್ರೀಕಿನ ‘ಆಟೋಸ್’, ಅಂದರೆ ‘ತಾನು’ ಎಂಬುದರ ನೆರಳು. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ 11 ಮಕ್ಕಳನ್ನು ವಿವರಿಸಿದಾಗ ಈ ಹೆಸರು ನೆಲೆಯಾಯಿತು. ಆದರೆ ಅಲ್ಲಿ ಮಕ್ಕಳ ಕತೆ ಹೇಳಿದವರು ವೈದ್ಯರು ಮತ್ತು ಹೆತ್ತವರು. ಟೆಂಪಲ್ ಗ್ರಾಂಡಿನ್ ತಮ್ಮ ಕತೆಯನ್ನು ಪುಸ್ತಕವಾಗಿ ತಂದದ್ದು 1986ರಲ್ಲಿ.

ನಮ್ಮ ಕಡೆಯ ಕತೆಯೂ ಇದೆ. ಟಿಟೊ ರಾಜರ್ಷಿ ಮುಖೋಪಾಧ್ಯಾಯ ಎಂಬ ಹುಡುಗ ಬೆಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಮಾತು ಅವನಿಗೆ ಕಷ್ಟ. ತಾಯಿ ಸೋಮಾ ಅಕ್ಷರದ ಹಲಗೆ ತೋರಿಸಿ, ಪೆನ್ಸಿಲ್ ಹಿಡಿಸಿ ಕಲಿಸಿದರು. 8ರಿಂದ 11ರ ವಯಸ್ಸಿನ ನಡುವೆ ಅವನು ಬರೆದದ್ದು 2000ರಲ್ಲಿ ಬ್ರಿಟನ್ನಿನಲ್ಲಿ ‘ಬಿಯಾಂಡ್ ದ ಸೈಲೆನ್ಸ್’ ಎಂಬ ಪುಸ್ತಕವಾಯಿತು. ಅದರಲ್ಲಿ ತನ್ನ ಬಾಲ್ಯವನ್ನು ‘ನಾನು’ ಎನ್ನದೆ ‘ಆ ಹುಡುಗ’ ಎಂದು ಹೇಳುತ್ತಾನೆ. ಮನಸ್ಸಿದ್ದೂ ಬಾಯಿಲ್ಲದ ಮರದ ಕತೆಯನ್ನೂ ಬರೆದ.

ಸೋಮಾ ಅವರ ಕಲಿಕೆಯ ಕ್ರಮದ ಬಗ್ಗೆ ತಕರಾರಿದೆ. ಪಕ್ಕದಲ್ಲಿ ಕೂತವರ ಸುಳುಹೇ ಅಕ್ಷರವಾಗಿಬಿಡಬಹುದೆಂದು 2018ರಲ್ಲಿ ಅಮೆರಿಕದ ವಾಕ್‌ತಜ್ಞರ ಸಂಘ ಎಚ್ಚರಿಸಿತು. ಆ ಎಚ್ಚರ ಬೇಕು. ಮಗುವಿನ ಬಾಯಲ್ಲಿ ನಮ್ಮ ಮಾತು ತುರುಕಿ ಕಣ್ಣೀರು ಹಾಕುವುದು ನಮಗೆ ಬಹಳ ಸುಲಭ.

ಮೈಕೆಲ್ ವೈಟ್ ಮತ್ತು ಡೇವಿಡ್ ಎಪ್ಸ್ಟನ್ 1990ರ ಪುಸ್ತಕದಲ್ಲಿ ವಿವರಿಸಿದ ‘ನೆರೇಟಿವ್ ಥೆರಪಿ’ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಸಮಸ್ಯೆಯನ್ನು ಮನುಷ್ಯನಿಂದ ಬೇರೆಯಾಗಿಟ್ಟು ನೋಡು, ಅವನ ಕತೆಗೆ ಅವನನ್ನೇ ಒಡೆಯನನ್ನಾಗಿ ಮಾಡು ಎನ್ನುತ್ತದೆ ಅದು. ಮಾತೇ ಬೇಕೆಂದಿಲ್ಲ, ಚಿತ್ರವೂ ಆದೀತು. ಆಟಿಸಂ ಅನ್ನು ಮಾತ್ರ ಹಾಗೆ ಬೇರೆ ಮಾಡಿ ಇಡಲಾಗದು, ಅದು ತಾವೇ ಎನ್ನುವವರು ಬಹಳ. ಆಗ ಹೊರಗಿಡಬೇಕಾದದ್ದು ಭಯವನ್ನು, ಗದ್ದಲವನ್ನು, ಜನರ ನೋಟವನ್ನು.

ನಮ್ಮ ಮನೆಯಲ್ಲಿ ನಾವು ಹೊರಗಿಟ್ಟದ್ದು ಕನ್ನಡವನ್ನು. ಮನೆಯಲ್ಲಿ ಒಂದೇ ಭಾಷೆ ಇರಲಿ, ಅದೂ ಶಾಲೆಯದೇ ಇರಲಿ ಎಂದು ಒಬ್ಬರು ಸಲಹೆ ಕೊಟ್ಟರು. ಎರಡು ಭಾಷೆಯಿಂದ ಇಂಥ ಮಕ್ಕಳಿಗೆ ಹಾನಿಯಿಲ್ಲವೆಂದು ಅಧ್ಯಯನಗಳು ಹೇಳುತ್ತವೆಂದು ನಾನು ಓದಿದ್ದು ಆಮೇಲೆ. ಅಷ್ಟರಲ್ಲಿ ನಾಲ್ಕು ವರ್ಷ ಅವನೊಡನೆ ಕನ್ನಡ ಆಡಿದ್ದು ಫೋನಿನಲ್ಲಿ ಅಮ್ಮ ಒಬ್ಬರೇ. ಅವನು ಉತ್ತರಿಸುತ್ತಿರಲಿಲ್ಲ. ಅವರು ಬಿಡುತ್ತಿರಲಿಲ್ಲ.

ಅವನು ದಿನಾ ಬಸ್ಸು ಬಿಡಿಸುತ್ತಾನೆ. ಫೈಲಿನಲ್ಲಿ ಅದಕ್ಕೆ ‘ಪುನರಾವರ್ತಿತ ವರ್ತನೆ’ ಎಂದಿದೆ. ‘ಮತ್ತೆ ಅದೇನಾ?’ ಎಂದು ಕೇಳುತ್ತಿದ್ದ ನಾನು, ಒಂದು ಸಂಜೆ ‘ಇದರಲ್ಲಿ ಯಾರಿದ್ದಾರೆ?’ ಎಂದು ಕೇಳಿದೆ, ಕನ್ನಡದಲ್ಲಿ. ಅವನು ನನ್ನತ್ತ ನೋಡಲಿಲ್ಲ. ಬಸ್ಸಿನ ನೆತ್ತಿಯ ಬೋರ್ಡಿನ ಮೇಲೆ, ಸ್ವಾರ್‌ಗೇಟಿನಲ್ಲಿ ನೋಡಿದ್ದನ್ನು ನೆನಪಿಟ್ಟುಕೊಂಡು, ಅಕ್ಷರಗಳನ್ನು ಚಿತ್ರದಂತೆ ಬಿಡಿಸಿದ: ಹುಬ್ಬಳ್ಳಿ. ಒಂದು ಕಿಟಕಿಯಲ್ಲಿ ಒಂದು ಮುಖ, ಕಿವಿಗೆ ಫೋನು.

ಮೂವತ್ತಾರು ನೋಟ್‌ಬುಕ್ಕುಗಳಿವೆ. ಈಗ ಮೊದಲಿನಿಂದ ನೋಡುತ್ತಿದ್ದೇನೆ.